ಕಿವಿ ಮುಚ್ಚಿಕೊಂಡವನ ಚಿತ್ರ

ಮಲ್ಲೇಶ್ವರದ ನನ್ನ ಹಲ್ಲಿನ ಕ್ಲಿನಿಕ್ಕಿನಲ್ಲಿ ರೋಗಿಗಳು ಕಾಯುವ ಕಡೆ ಗೋಡೆ ಬೋಳಾಗಿದೆ ಅಂತ ಗೆಳೆಯನೊಬ್ಬ ಜಗತ್ಪ್ರಸಿದ್ಧ ಚಿತ್ರವೊಂದರ ಪ್ರತಿ ತಂದುಕೊಟ್ಟ. ಕೆಂಪು ಆಕಾಶ, ಸೇತುವೆ, ಎರಡೂ ಕೆನ್ನೆಗೆ ಕೈಯಿಟ್ಟು ಬಾಯಿ ತೆರೆದು ನಿಂತ ಮನುಷ್ಯ. ಪ್ರಸಿದ್ಧ ಚಿತ್ರವಲ್ಲವೇ ಎಂದು ತೂಗುಹಾಕಿದೆ.

ಒಂದು ಬೆಳಿಗ್ಗೆ ನಿವೃತ್ತ ಟೀಚರ್ ಶಾರದಮ್ಮ ದವಡೆ ಹಲ್ಲು ಕೀಳಿಸಲು ಬಂದರು. ಒಳಗೆ ಕರೆಯಲು ಹೋದಾಗ ಅವರು ಚಿತ್ರದ ಮುಂದೆಯೇ ನಿಂತಿದ್ದರು.

"ಡಾಕ್ಟ್ರೇ, ಇವರು ಯಾಕೆ ಹೀಗೆ ಕಿರುಚ್ತಿದಾರೆ?"

ಅವರ ಭಯ ಕಳೆಯೋಣವೆಂದು ಎಲ್ಲೋ ಓದಿದ್ದ ವ್ಯಾಖ್ಯಾನವನ್ನು ಹೇಳಿದೆ. "ಅವರು ಕಿರುಚ್ತಿಲ್ಲಮ್ಮ. ಬೇರೆ ಎಲ್ಲಿಂದಲೋ ಕಿರುಚಾಟ ಕೇಳಿಸ್ತಿದೆ. ತಡ್ಕೊಳ್ಳೋಕಾಗ್ದೆ ಕಿವಿ ಮುಚ್ಕೊಂಡಿದಾರೆ, ಅಷ್ಟೇ."

ಶಾರದಮ್ಮ ಚಿತ್ರ ನೋಡಿದರು. ಆಮೇಲೆ ನನ್ನ ಹಿಂದಿದ್ದ ಬಾಗಿಲು ನೋಡಿದರು.

"ಹಂಗಾದ್ರೆ ಕಿರುಚ್ತಿರೋರು ಒಳಗಿದಾರೆ," ಎಂದು ಬ್ಯಾಗು ಎತ್ತಿಕೊಂಡು ಮೆಟ್ಟಿಲಿಳಿದೇಬಿಟ್ಟರು.

ಅಂದೇ ಆ ಚಿತ್ರ ತೆಗೆಸಿ ಮೋನಾಲಿಸಾಳನ್ನು ಹಾಕಿಸಿದೆ. ಕೆಲವು ದಿನಗಳಾದ ಮೇಲೆ ಶಾರದಮ್ಮ ಊದಿದ ಕೆನ್ನೆ ಹಿಡಿದುಕೊಂಡು ಮತ್ತೆ ಬಂದರು. ಹೊಸ ಚಿತ್ರವನ್ನು ಬಹಳ ಹೊತ್ತು ನೋಡಿದರು.

"ಪಾಪ, ಈಕೆಗೂ ಬಾಯಿ ಬಿಡೋಕಾಗ್ತಿಲ್ಲ ನೋಡಿ," ಅಂದರು.

ಮೋನಾಲಿಸಾಳ ಆ ನಗುವಿಗೆ ತಿಳಿದವರು ಏನೇನೋ ಅರ್ಥ ಹೇಳಿದ್ದಾರೆ. ನಾನು ಒಂದನ್ನೂ ಹೇಳಲು ಹೋಗದೆ "ಹೌದಮ್ಮ, ಬನ್ನಿ" ಎಂದು ಕೈಹಿಡಿದು ಒಳಗೆ ಕರೆದೊಯ್ದೆ. ಹಲ್ಲು ಸಲೀಸಾಗಿ ಬಂತು. ಹತ್ತಿ ಕಚ್ಚಿಕೊಂಡು ಹೊರಬಂದ ಶಾರದಮ್ಮ ಚಿತ್ರದ ಮುಂದೆ ನಿಂತು, ತುಟಿ ಬಿಚ್ಚದೆ ನನ್ನ ಕಡೆ ನೋಡಿ ಸಣ್ಣಗೆ ನಕ್ಕರು.

ಆ ನಗುವಿನ ಅರ್ಥ ನನಗಿನ್ನೂ ಗೊತ್ತಾಗಿಲ್ಲ.