ಕಟ್ಟಿ ರಾಯರು ಹೇಳಿದ ಇಂಗ್ಲಿಷ್ ಸಿನಿಮಾ

ಇಂಗ್ಲೆಂಡಿನ ಮುದುಕನೊಬ್ಬ ಅಪ್ಪಟ ಧಾರವಾಡದ ಕನ್ನಡದಲ್ಲಿ ಬೈಯುವುದನ್ನು ನಾನು ಮೊದಲು ಕೇಳಿದ್ದು ಗಾಜುವಾಕದಲ್ಲಿ. ಟಿವಿಯೊಳಗೆ ಮುದುಕ ತುಟಿ ಅಲ್ಲಾಡಿಸುತ್ತಿದ್ದ. ಪಕ್ಕದಲ್ಲಿ ಮರದ ಸ್ಟೂಲಿನ ಮೇಲೆ ಕೂತ ಗುರುರಾಜ ಕಟ್ಟಿಯವರು, "ಏ ಹುಚ್ಚಪ್ಯಾಲಿ, ಬಾಗಿಲದಾಗ ಚಪ್ಪಲಿ ಬಿಡಬ್ಯಾಡ ಅಂತ ಎಷ್ಟ ಸಲಾ ಹೇಳ್ಬೇಕೋ ನಿನಗ!" ಎನ್ನುತ್ತಿದ್ದರು. ಆ ಮನೆಯವರೆಲ್ಲ ಬೂಟು ಹಾಕಿಕೊಂಡೇ ಮಂಚದವರೆಗೆ ಹೋಗುವುದು ನಮ್ಮ ಕಣ್ಣಿಗೆ ಕಾಣುತ್ತಿತ್ತು. ಆದರೂ ರಾಯರು ಚಪ್ಪಲಿ ಎಂದರೆ ನಮಗೆ ಅದು ಚಪ್ಪಲಿಯೇ. ಮೂವತ್ತು ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ಎಂಬತ್ತರ ದಶಕದ ನಡುವೆ ನಾನು ಬ್ಯಾಂಕಿನ ಕೆಲಸಕ್ಕೆಂದು ಮೈಸೂರಿನಿಂದ ವಿಶಾಖಪಟ್ಟಣಕ್ಕೆ ಹೋದವಳು. ಇನ್ನೂ ಮದುವೆಯಾಗಿರಲಿಲ್ಲ. ಗಾಜುವಾಕದ ವಠಾರವೊಂದರಲ್ಲಿ ಮಹಡಿಯ ಕೋಣೆ ನನ್ನದು, ಕೆಳಗಿನ ಮನೆ ಕಟ್ಟಿ ರಾಯರದು. ಅದೇ ಬ್ಯಾಂಕಿನ ಟಪಾಲು ವಿಭಾಗದಲ್ಲಿ ಅವರ ಮೇಜು. ಬೋಳುತಲೆ, ಬಿಳಿ ಅಂಗಿ, ಗಂಟಲಿಗೆ ಒಳ್ಳೆಯದೆಂದು ಸದಾ ದವಡೆಯಲ್ಲಿ ಒಂದು ಲವಂಗ. ಮುಖ್ಯ ಕಚೇರಿಯಿಂದ ನಾಲ್ಕು ಪುಟದ ಇಂಗ್ಲಿಷ್ ಸುತ್ತೋಲೆ ಬಂದರೆ ಮಧ್ಯಾಹ್ನ ಡಬ್ಬಿ ಬಿಚ್ಚುವ ಹೊತ್ತಿಗೆ ನಾವು ಕನ್ನಡದವರೆಲ್ಲ ಅವರ ಸುತ್ತ ಸೇರುತ್ತಿದ್ದೆವು. ರಾಯರು ಕನ್ನಡಕ ಏರಿಸಿ ಓದಿ, "ಸ್ವಲ್ಪ ತಡೀರಿ, ನಾವೂ ವಿಚಾರ ಮಾಡ್ಲಿಕ್ಕೆ ಹತ್ತೀವಿ ಅಂತಾರ" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು. ಯಾರಾದರೂ ಅನುಮಾನಪಟ್ಟರೆ ಸಿಟ್ಟು. "ಅವರಂದದ್ದ ಅಂದೀನಿ. ನಂದೇನೂ ಕೂಡ್ಸಿಲ್ಲ, ಕಳದಿಲ್ಲ." ಈ ಮಾತಿನ ಮೇಲೆ ಅವರಿಗೆ ಬಲು ಅಭಿಮಾನವಿತ್ತು.

ತೆಲುಗು ಮಾತ್ರ ಇಪ್ಪತ್ತು ವರ್ಷವಾದರೂ ಅವರ ನಾಲಿಗೆಗೆ ಹತ್ತಿರಲಿಲ್ಲ. "ರೇಪು ರಂಡಿ" ಎಂದು ನಾಳೆ ಬರಲು ಹೇಳುವುದು, "ಸಂತಕಂ ಪೆಟ್ಟಂಡಿ" ಎಂದು ಸಹಿ ಹಾಕಿಸಿಕೊಳ್ಳುವುದು, ಅಷ್ಟೇ. ತರಕಾರಿಯವಳ ಹತ್ತಿರ ಧಾರವಾಡದ ಕನ್ನಡದಲ್ಲೇ ಜಗಳವಾಡುತ್ತಿದ್ದರು. ಅವಳೂ ತೆಲುಗಿನಲ್ಲೇ ಬಿಡದೆ ಉತ್ತರ ಕೊಡುತ್ತಿದ್ದಳು. ವ್ಯಾಪಾರ ಹೇಗೋ ನಡೆಯುತ್ತಿತ್ತು.

ನಮ್ಮದೊಂದು ಪುಟ್ಟ ಕನ್ನಡ ಸಂಘ. ವರ್ಗವಾಗಿ ಬಂದ ಬ್ಯಾಂಕಿನವರು, ಉಕ್ಕಿನ ಕಾರ್ಖಾನೆಯ ಕೆಲವರು, ತೆಲುಗರನ್ನು ಮದುವೆಯಾಗಿ ಅಲ್ಲೇ ನೆಲೆಸಿದ ಎರಡು ಮೂರು ಮನೆಯವರು. ನವೆಂಬರಿನ ಒಂದು ಭಾನುವಾರ ಎಲ್ಲರೂ ಸೇರಿ ಊಟ ಮಾಡಿ, ಬಾಡಿಗೆಗೆ ತಂದ ವಿಸಿಪಿಯಲ್ಲಿ ಒಂದು ಕನ್ನಡ ಸಿನಿಮಾ ನೋಡುವುದು ಪದ್ಧತಿ. ನಾನು ಅಲ್ಲಿಗೆ ಬಂದ ವರ್ಷ ಕಾರ್ಯದರ್ಶಿಯ ಭಾಮೈದ ಹುಬ್ಬಳ್ಳಿಯಿಂದ ಕ್ಯಾಸೆಟ್ ತಂದುಕೊಟ್ಟಿದ್ದ. ಮೇಲಿನ ಚೀಟಿ ಕನ್ನಡದ್ದೇ. ಹಾಕಿ ನೋಡಿದರೆ ಒಳಗೆ ಇಂಗ್ಲಿಷ್! ಯಾವ ಪುಣ್ಯಾತ್ಮನೋ ಕನ್ನಡ ಸಿನಿಮಾ ಅಳಿಸಿ ಅದರ ಮೇಲೆ ಈ ಇಂಗ್ಲೆಂಡಿನ ಚಿತ್ರ ತುಂಬಿಸಿದ್ದ. ಬೇರೆ ಕ್ಯಾಸೆಟ್ ಇಲ್ಲ. ಮಕ್ಕಳು ರಾಗ ತೆಗೆದವು, ಕಾರ್ಯದರ್ಶಿಯ ಮುಖ ಸಣ್ಣದಾಯಿತು. ಆಗ ಹಿಂದಿನಿಂದ ರಾಯರು ಎದ್ದು ಬಂದರು. "ಹೆದರಬ್ಯಾಡ್ರಿ. ಅವರು ಅಂದದ್ದು ನಾ ಹೇಳ್ತೀನಿ. ಒಂದು ಸ್ಟೂಲ್ ಕೊಡ್ರಿ."

ಬಡತನದಲ್ಲಿ ತೆಗೆದ ಸಿನಿಮಾ ಅದು. ರೈಲು ಹಳಿಯ ಪಕ್ಕದ ಒಂದು ಇಕ್ಕಟ್ಟು ಮನೆ, ಒಂದು ಬೀದಿ, ಒಂದು ಬಸ್ಸು, ಅದರಲ್ಲೇ ಕಥೆಯೆಲ್ಲ. ಬೀದಿಯಲ್ಲಿ ಹೋದ ನಾಲ್ಕು ಜನವೇ ಮತ್ತೆ ಈ ಕಡೆಯಿಂದ ಬರುತ್ತಿದ್ದರು. "ನೋಡ್ರಿ, ಒಂದ ಕೋಟು, ಮೂರು ಮಂದಿ ಪಾಳಿ ಮ್ಯಾಲೆ ಹಾಕ್ಕೊಳ್ಳಿಕ್ಕೆ ಹತ್ಯಾರ. ಇವರೂ ನಮ್ಮ ಸಂಘದಂಗ" ಎಂದು ರಾಯರು ನಡುವೆ ತಮ್ಮದೊಂದು ಮಾತು ಸೇರಿಸಿದರು. ಗಡಿಯಾರ ರಿಪೇರಿ ಮಾಡುವ ಮುದುಕ, ಅವನ ಹೊಟ್ಟೆಬಾಕ ತಮ್ಮ, ಕಿವಿ ಕೇಳದಂತೆ ನಟಿಸುವ ಅಜ್ಜಿ. ಮುದುಕನ ಮಗಳು ಪರವೂರಿನ ಬಸ್ ಡ್ರೈವರನನ್ನು ಮದುವೆಯಾಗಿ ಹೋಗಿರುತ್ತಾಳೆ. ಅವಳು ಆಸ್ಟ್ರೇಲಿಯಾದಲ್ಲಿ ನೌಕರಿ ಮಾಡುತ್ತಾಳೆಂದು ಮುದುಕ ಊರಿಗೆಲ್ಲ ಸುಳ್ಳು ಹೇಳಿರುತ್ತಾನೆ. ಅವಳು ಇರುವುದು ಎರಡು ಬೀದಿಯಾಚೆ. ಮಗಳು ಎದುರಾದಾಗಲೆಲ್ಲ ಮುದುಕ ಓಡಿ ಅವಿತುಕೊಳ್ಳುವುದು, ಮನೆಯವರು ಅವನಿಗೆ ಗೊತ್ತಾಗದಂತೆ ಅವಳಿಗೆ ಊಟ ಸಾಗಿಸುವುದು, ಇದೇ ಹಾಸ್ಯ.

ರಾಯರು ಅಜ್ಜಿಗೆ ಮೂಗಿನಿಂದ ದನಿ ತೆಗೆದರು, ತಮ್ಮನಿಗೆ ಬಾಯಿ ತುಂಬ ಅನ್ನವಿದ್ದವರ ದನಿ. ಮನೆಯಲ್ಲಿ ಕನ್ನಡ ಮಾತಾಡು ಎಂದರೆ ತೆಲುಗಿನಲ್ಲೇ "ಎಂದುಕು?" ಎಂದು ಕಾರಣ ಕೇಳುತ್ತಿದ್ದ ಮಕ್ಕಳು, ಮರುದಿನ ಓಣಿಯಲ್ಲಿ "ಹುಚ್ಚಪ್ಯಾಲಿ" ಎಂದು ಒಬ್ಬರಿಗೊಬ್ಬರು ಬೈದಾಡಿಕೊಂಡು ತಿರುಗಿದವು. ಮುಂದಿನ ವರ್ಷ ಹೊಸ ಕನ್ನಡ ಸಿನಿಮಾ ಸಿಕ್ಕರೂ ಯಾರಿಗೂ ಬೇಡವಾಯಿತು. ಅದೇ ಬೇಕು, ರಾಯರೇ ಹೇಳಬೇಕು. ಆ ಹೊತ್ತಿಗೆ ಅವರಿಗೆ ಬಾಯಿಪಾಠವಾಗಿತ್ತು. ಟಿವಿಗೆ ಬೆನ್ನು ಹಾಕಿ, ನಮ್ಮ ಕಡೆ ಮುಖ ಮಾಡಿ ಕೂತು ಹೇಳುತ್ತಿದ್ದರು.

ಕೊನೆಯ ದೃಶ್ಯವೊಂದಕ್ಕೆ ಮಾತ್ರ ಅವರು ಟಿವಿಯ ಕಡೆ ತಿರುಗಿಬಿಡುವುದನ್ನು ನಾನು ಎರಡನೆಯ ವರ್ಷ ಗಮನಿಸಿದೆ. ಮುದುಕ ಒದ್ದೆ ಕೋಟಿನಲ್ಲಿ ಮಗಳ ಮನೆಯ ಬಾಗಿಲು ತಟ್ಟುತ್ತಾನೆ. ಮಗಳು ತೆರೆಯುತ್ತಾಳೆ. "ಅಪ್ಪಾ, ನಂದ ತಪ್ಪಾತು. ಕ್ಷಮಾ ಮಾಡ್ರಿ" ಎಂದು ರಾಯರು ಹೆಣ್ಣುದನಿಯಲ್ಲಿ ಹೇಳಿದರು. ಹೆಂಗಸರು ಕಣ್ಣೊರೆಸಿಕೊಂಡರು. ನಾನು ಮುಂದೆಯೇ ಕೂತಿದ್ದೆ. ಮಾತಾಡಿದವನು ಮುದುಕ. ಅವನಂದದ್ದು ಇಷ್ಟೇ: "ತಪ್ಪು ನನ್ನದು. ಒಳಗೆ ಬರಲಾ?"

ಆಗ ನನಗೆ ಇಪ್ಪತ್ತನಾಲ್ಕು. ತಿಳಿದದ್ದನ್ನು ಹೇಳದೆ ಇರಲಾಗದ ವಯಸ್ಸು. ಸೋಮವಾರ ಬಸ್ ಸ್ಟಾಪಿನಲ್ಲಿ, "ರಾಯರೇ, ಅಲ್ಲಿ ಕ್ಷಮೆ ಕೇಳೋದು ಅಪ್ಪ, ಮಗಳಲ್ಲ" ಎಂದುಬಿಟ್ಟೆ. ಅವರ ಮುಖ ಕಪ್ಪಿಟ್ಟಿತು. "ತಂಗಿ, ನಿನಗ ಇಂಗ್ಲಿಷ್ ತಿಳೀತದ. ಮನಿ ಅಂದ್ರೇನು ತಿಳಿಯೂದಿಲ್ಲ. ಯಾವ ತಂದೀನೂ ಹಂಗ ಅನ್ನೂದಿಲ್ಲ." ಬಸ್ಸು ಬಂತು, ಹತ್ತಿ ಮುಂದೆ ಹೋಗಿ ನಿಂತರು. ಹದಿನೈದು ದಿನ ನನ್ನ ನಮಸ್ಕಾರಕ್ಕೆ ಬರೀ ತಲೆಯಾಡಿಸಿದರು.

ಅವರಿಗೊಬ್ಬ ಮಗಳಿದ್ದಾಳೆಂದು ನನಗೆ ಗೊತ್ತೇ ಇರಲಿಲ್ಲ. ಗೊತ್ತಾದದ್ದು ಮರುವರ್ಷ, ಅವರ ಹೆಂಡತಿ ಇಂದಿರಾಬಾಯಿಯ ಅಡುಗೆಮನೆಯಲ್ಲಿ. ನಾನು ಅವರಿಗೆ ಕಡಲೆಬೇಳೆ ಹುರಿದುಕೊಡುತ್ತಿದ್ದೆ. ಒಮ್ಮೆಲೇ ಕೇಳಿದರು: "ಸುಮಿತ್ರಾ, ಖರೇ ಹೇಳು. ಆ ಬಾಗಿಲದಾಗ ಮುದುಕ ಏನಂತಾನ?"

"ರಾಯರು ಹೇಳ್ತಾರಲ್ಲಾ ಅಮ್ಮ" ಎಂದು ತಪ್ಪಿಸಿಕೊಳ್ಳಲು ನೋಡಿದೆ.

"ಅವರು ಹೇಳೂದು ಹುಡುಗೀ ಮಾತು. ಅಕೀ ತುಟಿ ಅಲ್ಲಾಡೂದ ಇಲ್ಲ. ನನಗ ಇಂಗ್ಲಿಷ್ ಬರೂದಿಲ್ಲ, ಕಣ್ಣು ಕಾಣ್ತಾವ."

ಹೇಳಿದೆ. ಅವರು ಒಲೆ ಆರಿಸಿ ಮಣೆಯ ಮೇಲೆ ಕೂತರು. ಮಗಳು ವಸುಧಾ. ಗಾಜುವಾಕದಲ್ಲೇ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಅಪ್ಪಲರಾಜು ಎಂಬ ತೆಲುಗು ಹುಡುಗನನ್ನು ರಿಜಿಸ್ಟರ್ ಮದುವೆಯಾಗಿದ್ದಳು. ಬೇರೆ ಜಾತಿ, ಬೇರೆ ಭಾಷೆ. ಗಂಡಹೆಂಡಿರು ಆಶೀರ್ವಾದಕ್ಕೆಂದು ಬಂದಾಗ ರಾಯರು ಬಾಗಿಲಲ್ಲೇ ನಿಂತು, ಮೊದಲು ಅವಳು ತಪ್ಪಾಯಿತು ಎನ್ನಲಿ ಎಂದರಂತೆ. ಯಾವ ತಪ್ಪು ಎಂದು ಅವಳು ಕೇಳಿದಳಂತೆ. ಇವರು ಬಾಗಿಲು ಹಾಕಿಕೊಂಡರು. ಅಳಿಯನಿಗೆ ವಿಜಯವಾಡಕ್ಕೆ ವರ್ಗವಾಗಿ ಈಗ ಭವಾನಿಪುರಂನಲ್ಲಿ ಮನೆ. "ಮೊಮ್ಮಗಳಿಗೆ ಮೂರು ತುಂಬ್ಯಾವಂತ. ಕನ್ನಡ ಬರೂದಿಲ್ಲಂತ. ನಾ ಏನಂತ ಕರೀಲಿ ಅದನ್ನ?" ಎಂದು ಸೆರಗು ಬಾಯಿಗೆ ಒತ್ತಿಕೊಂಡರು. ಅವರ ಮುಂದೆ ಕೂತು ನನಗೂ ಅಳು ಬಂತು.

ಆ ವರ್ಷ ಸಂಘ ಸೇರಿದ್ದು ಊರಾಚೆಯ ಪೆಂದುರ್ತಿಯಲ್ಲಿ, ಹೊಸದಾಗಿ ಮನೆ ಕಟ್ಟಿಸಿದ್ದ ಸದಸ್ಯರೊಬ್ಬರ ಹಜಾರದಲ್ಲಿ. ಮಧ್ಯಾಹ್ನದ ಊಟ ಮುಗಿದು ಸಿನಿಮಾ ಶುರುವಾಯಿತು. ರಾಯರು ಅವತ್ತು ಎಂದಿಗಿಂತ ಹುರುಪಿನಲ್ಲಿದ್ದರು. ನಗಿಸಿ ನಗಿಸಿ ನಮ್ಮನ್ನು ಸುಸ್ತು ಮಾಡಿದರು. ಬಾಗಿಲಿನ ದೃಶ್ಯ ಬಂತು. ರಾಯರು ಟಿವಿಯ ಕಡೆ ತಿರುಗಿ, "ಅಪ್ಪಾ, ನಂದ ತಪ್ಪಾತು..." ಎಂದರು.

"ಅಲ್ಲರೀ."

ಇಂದಿರಾಬಾಯಿ ಚಾಪೆಯ ಮೇಲೆ ಕೂತಲ್ಲಿಂದಲೇ ಹೇಳಿದ್ದರು. ಜೋರಾಗಿಯೇನೂ ಅಲ್ಲ. ನಾಲ್ಕು ಜನರ ಮುಂದೆ ಗಂಡನ ಮಾತಿಗೆ ಅವರು ಎದುರಾಡಿದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲ. "ಅಕಿ ಏನೂ ಅಂದಿಲ್ಲ. ಅಂವಾ ಏನಂದಾ, ಅದನ್ನ ಹೇಳ್ರಿ."

ರಾಯರು ಮೊದಲು ನೋಡಿದ್ದು ನನ್ನನ್ನು. ಯಾರ ಮನೆಗೆ ಕೊಳ್ಳಿ ಇಟ್ಟೆನೋ ಎನಿಸಿತು. ಟಿವಿಯಲ್ಲಿ ಮುದುಕ ಒಳಗೆ ಹೋಗಿಯಾಗಿತ್ತು. ಅಪ್ಪ, ಮಗಳು ಒಂದೇ ಮನೆಯವರಾಗಿ ಚಹಾ ಕುಡಿಯುತ್ತ ಏನೇನೋ ಮಾತಾಡಿಕೊಳ್ಳುತ್ತಿದ್ದರು, ಅದನ್ನು ನಮಗೆ ಹೇಳುವವರಿರಲಿಲ್ಲ. ರಾಯರು ನೆಲ ನೋಡುತ್ತ, ಯಾರ ದನಿಯನ್ನೂ ಅನುಕರಿಸದೆ ತಮ್ಮ ದನಿಯಲ್ಲೇ ಹೇಳಿದರು: "ತಪ್ಪು ನಂದು. ಒಳಗ ಬರ್ಲೇನು? ಹಂಗ ಅಂತಾನ ಅಂವಾ." ಎದ್ದು ಹೊರಗೆ ಹೋದರು.

ಗಾಜುವಾಕಕ್ಕೆ ಮೂವರೂ ಒಂದೇ ಬಸ್ಸಿನಲ್ಲಿ ವಾಪಸು ಬಂದೆವು. ಇಳಿಯುವಾಗ ರಾಯರು, "ಮೆಟ್ಟಲಾ ನೋಡಿ ಇಳಿ ತಂಗಿ" ಎಂದರು. ನನ್ನ ಮೇಲೆ ಸಿಟ್ಟಿಲ್ಲವೆಂದು ಅದರಿಂದ ತಿಳಿದುಕೊಂಡೆ.

ಮಾರನೆಯ ದಿನವೇ ಅವರು ರೈಲು ಹತ್ತಿದರು ಎಂದು ಬರೆಯಲು ನನಗೂ ಆಸೆ. ಹಾಗಾಗಲಿಲ್ಲ. ಅಹಂಕಾರ ಅಷ್ಟು ಸುಲಭಕ್ಕೆ ಇಳಿಯುವ ವಸ್ತುವಲ್ಲ. ವರ್ಷವೇ ಕಳೆಯಿತು, ರಾಯರು ನಿವೃತ್ತರಾದರು, ನನಗೆ ವಿಜಯವಾಡಕ್ಕೆ ವರ್ಗವಾಯಿತು. ಅಲ್ಲಿಂದ ಮತ್ತೆ ಮೈಸೂರಿಗೆ ಹೊರಡುವ ಆದೇಶ ಬಂದ ವಾರವೇ ಇಂದಿರಾಬಾಯಿಯ ಕಾಗದ ಬಂತು: "ಬರ್ತೀವಿ. ಸ್ಟೇಷನ್ನಿಗೆ ಬಾ. ವಸುಧಾನ ಮನಿಗೆ ನೀ ಇಲ್ಲದ ಹೋಗ್ಲಿಕ್ಕೆ ಇವರು ಒಲ್ಲೆ ಅಂತಾರ."

ಬೆಳಿಗ್ಗೆ ರಿಕ್ಷಾದಲ್ಲಿ ಭವಾನಿಪುರಂಗೆ ಹೋದೆವು. ರಾಯರು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಬಾಗಿಲು ತೆರೆದವಳು ನನ್ನದೇ ವಯಸ್ಸಿನ ಹೆಂಗಸು, ಕೈಯಲ್ಲಿ ಹಿಟ್ಟು ಮೆತ್ತಿತ್ತು. ಹಿಂದೆ ಒಂದು ಹುಡುಗಿ ಇಣುಕಿ "ಎವರಮ್ಮಾ?" ಎಂದು ಬಂದವರು ಯಾರೆಂದು ಕೇಳಿತು. ಇಂದಿರಾಬಾಯಿ ಯಾರನ್ನೂ ಕೇಳದೆ ಸೀದಾ ಒಳಗೆ ನುಗ್ಗಿ ಆ ಮಗುವನ್ನು ಎತ್ತಿಕೊಂಡು ಅಡುಗೆಮನೆಗೆ ನಡೆದುಬಿಟ್ಟರು. ರಾಯರು ಹೊಸ್ತಿಲಾಚೆಯೇ ನಿಂತರು.

"ಬರ್ರಿ ಅಪ್ಪಾ" ಎಂದಳು ವಸುಧಾ.

"ತಡಿ. ಮೊದಲ ನಂದು ಕೇಳು." ರಾಯರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು. "ತಪ್ಪು ನಂದು. ನಾ ಅನ್ನಬೇಕಾದ ಮಾತು ವರ್ಷಾ ವರ್ಷಾ ನಿನ್ನ ಬಾಯಾಗ ಹಾಕಿ ಮಂದಿ ಮುಂದ ಹೇಳ್ಸೀನಿ. ಅದೂ ತಪ್ಪು."

ಎರಡನೆಯ ಮಾತು ಅವಳಿಗೆ ಅರ್ಥವಾಗಿರಲಿಕ್ಕಿಲ್ಲ. ಅವಳ ಕಣ್ಣು ತುಂಬಿದವು, ಆದರೆ ಕಾಲಿಗೂ ಬೀಳಲಿಲ್ಲ, ತಬ್ಬಿಕೊಳ್ಳಲೂ ಇಲ್ಲ. "ನನಗ ಅಂದ್ರಿ, ಆತು. ಅವತ್ತು ನಿಮ್ಮ ಬಾಗಿಲದಾಗ ಅವರೂ ನಿಂತಿದ್ರು ಅಪ್ಪಾ. ಅವರಿಗೂ ನೀವ ಅನ್ನಬೇಕು. ನಾ ನಡುವ ನಿಂತು ಹೇಳಂಗಿಲ್ಲ."

"ಎಲ್ಲಿದ್ದಾರ?"

"ಡ್ಯೂಟಿಗೆ ಹೋಗ್ಯಾರ. ಮಧ್ಯಾಹ್ನ ಬರ್ತಾರ."

"ಹಂಗಾರ ಅಲ್ಲೀತನಾ ಇಲ್ಲೇ ಕೂಡ್ತೀನಿ" ಎಂದು ರಾಯರು ವರಾಂಡದ ಕುರ್ಚಿಯ ಮೇಲೆ ಕೂತರು. ಒಳಗೆ ಬರಲು ಅವಳು ಎರಡು ಸಲ ಕರೆದಳು, ಒಲ್ಲೆ ಎಂದರು. ಕೂತು ತುಟಿ ಅಲ್ಲಾಡಿಸುತ್ತಿದ್ದರು. ಸ್ವಲ್ಪ ಹೊತ್ತಿಗೆ ನನ್ನನ್ನು ಹತ್ತಿರ ಕರೆದು, "ತಂಗಿ, ತಪ್ಪು ನಂದು ಅನ್ನೂದಕ್ಕ ತೆಲುಗಿನ್ಯಾಗ ಏನಂತಾರ?" ಎಂದು ಕೇಳಿದರು. "ತಪ್ಪು ನಾದೇ" ಎಂದೆ. ಶಾಲೆಯ ಹುಡುಗನಂತೆ ನಾಲ್ಕೈದು ಸಲ ಒಪ್ಪಿಸಿದರು.

ನನಗೆ ಕೆಲಸ ವಹಿಸಿಕೊಡಲು ಹನ್ನೊಂದಕ್ಕೆ ಬ್ಯಾಂಕಿನಲ್ಲಿರಬೇಕಿತ್ತು. ಹೋಗಿಬರುತ್ತೇನೆಂದೆ. ರಾಯರು ಕೈಯೆತ್ತಿದರು. ನಾನು ಅವರನ್ನು ನೋಡಿದ್ದು ಅದೇ ಕೊನೆ. ಅವರ ತಪ್ಪನ್ನು ಎತ್ತಿ ತೋರಿಸಲು ಮುಂದೆ ನಿಂತವಳು, ಅವರು ಅದನ್ನು ತಿದ್ದಿಕೊಂಡ ಗಳಿಗೆಯಲ್ಲಿ ಅಲ್ಲಿ ಇರಲಿಲ್ಲ. ಇದರ ನಾಚಿಕೆ ನನಗೆ ಇನ್ನೂ ಹೋಗಿಲ್ಲ.

ಮೈಸೂರಿಗೆ ಇಂದಿರಾಬಾಯಿಯ ಕಾಗದ ಬಂತು. "ಹೇಳಿದ್ರು. ಅಳಿಯಾರು ಎದ್ದು ನಿಂತು ಕೇಳಿದ್ರು. ಆಮ್ಯಾಲೆ ಇಬ್ರೂ ಊಟಕ್ಕ ಕೂತ್ರು." ಅವರು ಗಾಜುವಾಕದ ಮನೆ ಖಾಲಿ ಮಾಡಿ ಭವಾನಿಪುರಂಗೇ ಬಂದರಂತೆ. ಒಂದೂವರೆ ವರ್ಷದ ಮೇಲೆ ವಸುಧಾ ಬರೆದಳು: ರಾಯರು ಎದೆನೋವಿನಿಂದ ತೀರಿಕೊಂಡರು. ಧಾರವಾಡದಿಂದ ದಾಯಾದಿಗಳು ಬಂದಿದ್ದರಂತೆ, ಗಂಡುಮಕ್ಕಳಿಲ್ಲವಾದ್ದರಿಂದ ಕ್ರಿಯೆ ನಾವು ಮಾಡುತ್ತೇವೆ ಎಂದರಂತೆ. ಇಂದಿರಾಬಾಯಿ ಬೇಡವೆಂದರು. ಇದನ್ನು ಯಾರು ಮಾಡಬೇಕೆಂದು ರಾಯರೇ ಹೇಳಿಹೋಗಿದ್ದರು. ಪುರೋಹಿತರು ಹೇಳಿಕೊಟ್ಟ ಮಂತ್ರವನ್ನು ತೆಲುಗು ನಾಲಿಗೆಯಲ್ಲಿ ಒಂದೊಂದಾಗಿ ಅಂದು, ಮಾವನ ಚಿತೆಗೆ ಬೆಂಕಿ ಇಟ್ಟವನು ಅಪ್ಪಲರಾಜು.