ಓದದೆ ಬಿಚ್ಚಿದ ಗಂಟು

ನನ್ನ ಕೈಯಿಂದ ಒಬ್ಬನ ಹಲ್ಲು ಮುರಿದಿದೆ. ರಾಮದುರ್ಗದ ಬಸ್ ನಿಲ್ದಾಣದಲ್ಲಿ, ಹಾಡಹಗಲು, ಕಬ್ಬಿನ ಹಾಲಿನ ಗಾಡಿಯ ಪಕ್ಕ. ಮುರಿಸಿಕೊಂಡವನು ನನ್ನ ಗೆಳೆಯ. ಅವನು ಕೊಟ್ಟ ಕಂಪ್ಯೂಟರ್ ಫೈಲೊಂದನ್ನು ನಾನು ಓದದೆ ಬಿಚ್ಚಿದ್ದೆ, ಅದೇ ಕಾರಣ. ಇದನ್ನು ಹೇಳಿದರೆ ಜನ ನಗುತ್ತಾರೆ. ನಗುವವರ ಮೇಲೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಎರಡು ಸಾವಿರದ ಇಸವಿ ದಾಟಿ ಎರಡೋ ಮೂರೋ ವರ್ಷವಾಗಿತ್ತು. ನಾನು ಬೈಲಹೊಂಗಲದಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ಸವದತ್ತಿಯಲ್ಲಿದ್ದ ನನ್ನ ಕಾಕಾ ಕನ್ನಡ ಸಾಲೆಯ ಮಾಸ್ತರಿಕೆಯಿಂದ ನಿವೃತ್ತರಾದವರು. ರವಿವಾರ ಬಂತೆಂದರೆ ಸೈಕಲ್ ಹತ್ತಿ ಹೂಲಿಗೆ ಹೋಗುತ್ತಿದ್ದರು. ಅಲ್ಲಿನ ಗುಡಿಗಳ ಕಲ್ಲುಗಳ ಮುಂದೆ ಮೊಣಕಾಲೂರಿ ಕುಳಿತು ಶಾಸನದ ಅಕ್ಷರಗಳನ್ನು ಒಂದೊಂದಾಗಿ ವಹಿಯಲ್ಲಿ ಇಳಿಸಿಕೊಳ್ಳುತ್ತಿದ್ದರು. ಹನ್ನೊಂದು ವರ್ಷ ಹೀಗೆ ನಡೆಯಿತು. ಆಮೇಲೆ ಕಣ್ಣು ಮಂಜಾದವು, ವಹಿಗಳಿಗೆ ಗೆದ್ದಲು ಹಿಡಿಯಿತು. ಒಂದು ಬೇಸಿಗೆ ನನ್ನ ಕೋಣೆಗೆ ಬಂದು ಉಳಿದು, ಭೂತಗನ್ನಡಿ ಹಿಡಿದು ಅವರು ಓದಿದ್ದನ್ನೆಲ್ಲ ನಾನು ಕಂಪ್ಯೂಟರಿಗೆ ಹಾಕಿದೆ. ಪುಡಿಯಾಗುತ್ತಿದ್ದ ವಹಿಗಳನ್ನು ಕಾಕಾ ಮಲಪ್ರಭೆಗೆ ಬಿಟ್ಟು ಬಂದರು. ಅಲ್ಲಿಂದ ಮುಂದೆ ಅವರ ಹನ್ನೊಂದು ವರ್ಷ ಇದ್ದದ್ದು ನನ್ನ ಯಂತ್ರದಲ್ಲಿ. ನಕಲು ಮಾಡಿಟ್ಟಿದ್ದೆಯಾ ಎಂದು ಕೇಳಬೇಡಿ. ನಾಳೆ ಮಾಡಿದರಾಯಿತು ಅನ್ನುವವರ ಪೈಕಿ ನಾನು.

ರಾಮದುರ್ಗದ ಗೆಳೆಯ ಪ್ರಿಂಟಿಂಗ್ ಪ್ರೆಸ್ ಇಟ್ಟಿದ್ದ. ಶಾಸನಗಳನ್ನೆಲ್ಲ ಪುಸ್ತಕ ಮಾಡುವ ಮಾತು ನಡೆದಿತ್ತು. ಕಿತ್ತೂರಿನಲ್ಲಿ ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಅವನು ನನಗೊಂದು ಸಿ.ಡಿ. ಕೊಟ್ಟ. ಪುಸ್ತಕಕ್ಕೆ ಬೇಕಾದ ಫಾಂಟುಗಳನ್ನು ಅದರಲ್ಲಿ ಒಂದೇ ಫೈಲಾಗಿ ಗಂಟು ಕಟ್ಟಿ ಇಟ್ಟಿದ್ದರು. ಆ ಗಂಟಿನ ಮೇಲೆ ಯಂತ್ರಕ್ಕೆ ಹೇಳುವ ಆಜ್ಞೆಗಳೂ ಇದ್ದವು. ಫೈಲನ್ನು ನಡೆಸಿದರೆ ಗಂಟು ತಾನೇ ಬಿಚ್ಚಿಕೊಳ್ಳುತ್ತದೆ, ಜೊತೆಗೆ ಆಜ್ಞೆಯಲ್ಲಿ ಬೇರೆ ಏನು ಬರೆದಿದೆಯೋ ಅದೂ ನಡೆದುಹೋಗುತ್ತದೆ.

"ಯಾರು ಬರದಾರೋ ಗೊತ್ತಿಲ್ಲ. ಬಿಚ್ಚೂದಕ್ಕ ಮುಂಚೆ ಒಮ್ಮೆ ಓದಿ ನೋಡಪಾ," ಅಂದ.

"ಹೂಂ ಹೂಂ," ಅಂದೆ. ನನ್ನ ಗಮನ ಹೋಳಿಗೆಯ ಮೇಲಿತ್ತು.

ಮರುದಿನ ಮುಂಜಾನೆ ಆ ಫೈಲನ್ನು ಕಾಕಾನ ಶಾಸನಗಳಿದ್ದ ಜಾಗಕ್ಕೇ ಇಳಿಸಿ, ಯಂತ್ರದ ಒಡೆಯನಿಗಿರುವ ಅಧಿಕಾರವನ್ನೆಲ್ಲ ಕೊಟ್ಟು ನಡೆಸಿಬಿಟ್ಟೆ. ಕೆಂಪು ದೀಪ ಪಟಪಟನೆ ಮಿಣುಕಿತು. ಚಹಾ ಕುಡಿದು ಬಂದು ನೋಡಿದರೆ ಒಂದು ಶಾಸನವೂ ಇರಲಿಲ್ಲ. ಹುಡುಕಿದೆ. ಮತ್ತೆ ಹುಡುಕಿದೆ. ಕುರ್ಚಿ ಎತ್ತಿ ಗೋಡೆಗೆ ಒಗೆದೆ. ಕೀಬೋರ್ಡನ್ನು ಮೇಜಿನ ಅಂಚಿಗೆ ಬಡಿದು ಎರಡು ತುಂಡು ಮಾಡಿದೆ, ಅಕ್ಷರದ ಗುಂಡಿಗಳು ನೆಲದ ತುಂಬ ಉದುರಿದವು. ಅಷ್ಟಕ್ಕೂ ನನ್ನ ಸಿಟ್ಟು ಇಳಿಯಲಿಲ್ಲ. ಎದುರಿನ ಬೂತಿನಿಂದ ಗೆಳೆಯನಿಗೆ ಫೋನ್ ಮಾಡಿದೆ.

"ನಿನ್ನ ಸಿ.ಡಿ. ಕಾಕಾನ ಕೆಲಸಾ ಎಲ್ಲಾ ತಿಂದು ಹಾಕೇತಿ. ಬರಾಕತ್ತೇನಿ. ಸ್ಟ್ಯಾಂಡಿಗೆ ಬಾ."

"ಏ, ಕೇಳಿಲ್ಲೆ, ನನ್ನ ಕಡೆ..."

ಫೋನ್ ಕುಕ್ಕಿದೆ. ರಾಮದುರ್ಗ ಬರುವವರೆಗೆ ಬಸ್ಸಿನ ಮುಂದಿನ ಸೀಟಿನ ಕಂಬಿ ಹಿಡಿದೇ ಕುಳಿತಿದ್ದೆ.

ಅವನು ನನ್ನನ್ನು ಕಂಡು ಎದೆಯ ಕಿಸೆಗೆ ಕೈ ಹಾಕುತ್ತ ಬಂದ. ಬಾಯಿಗೆ ಗುದ್ದಿದೆ. ಎರಡನೆಯದು ಹೊಟ್ಟೆಗೆ. ಬಿದ್ದವನ ಎದೆಗೆ ಒದ್ದೆ. ಅವನು ತಿರುಗಿ ಹೊಡೆಯಲಿಲ್ಲ, ಎರಡೂ ಕೈಯಿಂದ ಕಿಸೆ ಮುಚ್ಚಿಕೊಂಡಿದ್ದ. ಹೊಡೆತ ತಿನ್ನುವವನು ಮುಖ ಬಿಟ್ಟು ಕಿಸೆಯನ್ನೇಕೆ ಕಾಯುತ್ತಾನೆ ಎಂಬುದು ನನಗೆ ಹೊಳೆಯಲಿಲ್ಲ. ಮತ್ತೆ ಅಲ್ಲಿಗೇ ಒದ್ದೆ. ಕಟ್ ಎಂದು ಸಪ್ಪಳವಾಯಿತು. ಪಕ್ಕೆಲುಬು ಅಂದುಕೊಂಡೆ. ನಿಜ ಹೇಳುತ್ತೇನೆ, ಖುಷಿಯಾಯಿತು.

ಇಬ್ಬರು ಕಂಡಕ್ಟರುಗಳು ನನ್ನ ರಟ್ಟೆ ಹಿಡಿದು ಎಳೆದರು. ಗೆಳೆಯ ರಕ್ತ ಉಗುಳಿ, ಕಿಸೆಯಿಂದ ಒಂದು ಫ್ಲಾಪಿ ತೆಗೆದ. ಅದು ನಡುವೆ ಸೀಳಿತ್ತು.

"ಹ್ವಾದ ತಿಂಗಳ ನಿನ್ನ ಕಡೆ ಬಂದಾಗ, ನೀ ಕ್ಲಾಸಿಗೆ ಹ್ವಾದ ಹೊತ್ತಿನ್ಯಾಗ, ಶಾಸನ ಎಲ್ಲಾ ಇದರಾಗ ಇಳಿಸ್ಕೊಂಡಿದ್ನಿ. ಇದ್ದದ್ದು ಇದೊಂದ. ಕೊಡಾಕ ಬಂದಿದ್ನಿ," ಅಂದ.

ನಾನು ಅಲ್ಲೇ ನೆಲಕ್ಕೆ ಕುಳಿತೆ. ಎಬ್ಬಿಸಿ ಪ್ರೆಸ್ಸಿಗೆ ಕರೆದುಕೊಂಡು ಹೋದವನೂ ಅವನೇ.

ಬಾಯಿಗೆ ಹತ್ತಿ ತುರುಕಿಕೊಂಡು ಕುಳಿತ. ಒಡೆದ ಫ್ಲಾಪಿಯ ಒಳಗಿನ ತೆಳುವಾದ ಬಿಲ್ಲೆಯನ್ನು ಬೇರೊಂದರ ಹೊದಿಕೆಗೆ ಸೇರಿಸಿ ಯಂತ್ರಕ್ಕೆ ಹಾಕಿದ. ಅದು ಕರಕರ ಎನ್ನುತ್ತ ಓದುತ್ತಿರುವಾಗ, ಪಕ್ಕದ ಯಂತ್ರದಲ್ಲಿ ತನ್ನ ಬಳಿಯಿದ್ದ ಸಿ.ಡಿ. ಪ್ರತಿಯ ಆ ಫೈಲನ್ನು ನಡೆಸದೆ, ಕಾಗದ ಓದುವಂತೆ ತೆರೆದು ತೋರಿಸಿದ. ಒಂದು ಸಾಲಿನ ಮೇಲೆ ಬೆರಳಿಟ್ಟ. 'ನನ್ನ ಮನೆಗೆ ಹೋಗು, ಅಲ್ಲಿದ್ದುದನ್ನೆಲ್ಲ ಅಳಿಸು' ಎಂಬ ಅರ್ಥದ ಸಾಲು. ಮನೆ ಅಂದರೆ ಬರೆದವನ ಯಂತ್ರದಲ್ಲಿದ್ದ ಒಂದು ಫೋಲ್ಡರು; ನನ್ನ ಯಂತ್ರದಲ್ಲಿ ಅಂಥ ಮನೆಯೇ ಇರಲಿಲ್ಲ. ಆಜ್ಞೆ ಅಲ್ಲಿಗೆ ಹೋಗಲಾರದೆ ನಿಂತಲ್ಲೇ ನಿಂತು, ನಿಂತ ಜಾಗವನ್ನೇ ಅಳಿಸಿತ್ತು. ಬರೆದವನು ತನ್ನ ಹಳೆಯ ಫೈಲುಗಳನ್ನು ಗುಡಿಸಲು ಬರೆದುಕೊಂಡಿದ್ದ ಸಾಲು ಅದು, ಅವನಿಗೆ ಯಾರ ಮೇಲೂ ಹಗೆ ಇರಲಿಲ್ಲ.

ಆಮೇಲೆ ಅವನು ಖಾಲಿ ಫೋಲ್ಡರೊಂದನ್ನು ಮಾಡಿದ. ಯಾವ ಅಧಿಕಾರವೂ ಇಲ್ಲದ ಸಾದಾ ಹೆಸರಿನಲ್ಲಿ ಒಳಹೊಕ್ಕು, ಗಂಟಿನಲ್ಲಿ ಏನೇನಿದೆ ಎಂದು ಮೊದಲು ಪಟ್ಟಿ ನೋಡಿದ. ಬಳಿಕ ಒಂದು ಆಜ್ಞೆಯನ್ನೂ ನಡೆಯಗೊಡದೆ, ಬರೀ ಬಿಚ್ಚುವ ಕೆಲಸದ ಬೇರೆ ಪ್ರೋಗ್ರಾಮಿನಿಂದ ಫಾಂಟುಗಳನ್ನಷ್ಟೇ ಹೊರತೆಗೆದ. ಎರಡು ನಿಮಿಷದ ಕೆಲಸ.

"ಜ್ವಾಳ ತಗೊಳ್ಳಾವ ಚೀಲಕ್ಕ ಕಬ್ಬಿಣದ ಸಳಿ ಚುಚ್ಚಿ, ನಾಕು ಕಾಳು ಅಂಗೈಯಾಗ ಹಾಕ್ಕೊಂಡು ನೋಡತಾನ. ನಿನಗ ಅಷ್ಟೂ ತಡಿಯಾಕ ಆಗಲಿಲ್ಲ," ಅಂದ. ಸಿ.ಡಿ.ಯ ಮಾತೋ ಬಸ್ ಸ್ಟ್ಯಾಂಡಿನ ಮಾತೋ ಎಂದು ನಾನು ಕೇಳಲಿಲ್ಲ.

ಫ್ಲಾಪಿಯಲ್ಲಿ ಜಾಗ ಸಾಲದೆಂದು ಅವನು ಶಾಸನಗಳನ್ನು ಒತ್ತಿ ಕುಗ್ಗಿಸಿ ಒಂದೇ ಫೈಲು ಮಾಡಿಟ್ಟಿದ್ದ. ಹಾಗೆ ಒತ್ತಿದ್ದು ನಡುವೆ ಕೆಟ್ಟರೆ ಅದರ ಮುಂದಿನದು ಯಾವುದೂ ಬರುವುದಿಲ್ಲ. ಮೊದಲಿನ ಮೂರನೇ ಒಂದು ಪಾಲು ಬಂತು. ಉಳಿದದ್ದು ನನ್ನ ಬೂಟಿನ ಕೆಳಗೆ ಹೋಗಿತ್ತು.

ಬಂದಷ್ಟನ್ನು ಅಚ್ಚು ಹಾಕಿಸಿಕೊಂಡು ಮರುದಿನ ಸವದತ್ತಿಗೆ ಹೋದೆ. ಕಾಕಾ ಪಡಸಾಲೆಯಲ್ಲಿ ಕುಳಿತಿದ್ದರು. ಎಲ್ಲವನ್ನೂ ಹೇಳಿದೆ, ಒದ್ದದ್ದನ್ನೂ ಬಿಡಲಿಲ್ಲ. ಅವರು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

"ಉಳದದ್ದನ್ನ ಓದು," ಅಂದರು.

ಓದಿದೆ. ಕೊನೆಯ ಶಾಸನದಲ್ಲಿ ಗುಡಿಯ ದೀಪದ ಎಣ್ಣೆಗೆ ಬಿಟ್ಟ ಭೂಮಿ, ಅದರ ನಾಲ್ಕು ದಿಕ್ಕಿನ ಗಡಿ ಇದ್ದವು. ಅಲ್ಲಿ ಅರ್ಧ ವಾಕ್ಯಕ್ಕೆ ನಿಂತುಹೋಗಿತ್ತು.

"ಇಲ್ಲಿಗೆ ಮುಗೀತ್ರಿ, ಕಾಕಾ."

"ಮುಂದಿಂದು ನನಗ ಬರತೈತಿ. ಎಷ್ಟೋ ಕಲ್ಲಿನ ಕೊನಿಗೆ ಅದ ಇರತೈತಿ. ಬರಕೋ."

ಊದಿದ ಬೆರಳುಗಳಲ್ಲಿ ಪೆನ್ನು ನಿಲ್ಲುತ್ತಿರಲಿಲ್ಲ. ಕಾಕಾ ನಿಧಾನವಾಗಿ ಹೇಳಿದರು, ನಾನು ಬರೆದುಕೊಂಡೆ: ಇದನ್ನು ಅಳಿಸಿದವನು ಕಾಶಿಯಲ್ಲಿ ಸಾವಿರ ಆಕಳು ಕೊಂದ ಪಾಪಕ್ಕೆ ಹೋಗಲಿ.