ರುಬ್ಬದೆ ಉಳಿಸಿದ ಚೂರು

ನನ್ನ ಪಿಎಚ್‌ಡಿ ಗೈಡ್‌ಗೆ ರುಬ್ಬುವುದರಲ್ಲಿ ಅಪಾರ ನಂಬಿಕೆ. ಇಲಿಯ ಯಕೃತ್ತನ್ನು ಹೊರತೆಗೆದ ಕೂಡಲೇ ಇಡಿಯಾಗಿ ತೂಗಬೇಕು, ಐಸಿನ ಮೇಲಿಟ್ಟು ನುಣ್ಣಗೆ ಅರೆಯಬೇಕು, ಆಮೇಲೆ ಅದರಲ್ಲಿ ಕಿಣ್ವ ಎಷ್ಟು ಚುರುಕಾಗಿದೆ ಎಂದು ಅಳೆಯಬೇಕು. ಒಂದು ಚೂರನ್ನೂ ಉಳಿಸುವಂತಿಲ್ಲ. ಉಳಿಸಿದರೆ ನಮಗೆ ಬೇಕಾದ ಭಾಗವನ್ನೇ ಆರಿಸಿಕೊಂಡಂತಾಗುತ್ತದೆ, ಅದು ಮೋಸ ಎನ್ನುತ್ತಿದ್ದರು. ಊರಾಚೆ, ಹಿನಕಲ್ ದಾಟಿ ಇದ್ದ ನಮ್ಮ ಲ್ಯಾಬಿನಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಿದ್ದರು.

ನನಗೆ ಅದು ಒಪ್ಪಿಗೆಯಾಗಲಿಲ್ಲ. ಯಕೃತ್ತಿನ ತೆಳುಪದರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಆರು ಮೂಲೆಯ ಪುಟ್ಟ ಪುಟ್ಟ ಕೋಣೆಗಳು ಕಾಣುತ್ತವೆ. ರಕ್ತ ಮೂಲೆಗಳಿಂದ ಒಳಬಂದು ನಡುವಿನ ನಾಳದ ಮೂಲಕ ಹೊರಹೋಗುತ್ತದೆ. ಮಠದ ಪಂಕ್ತಿಯಲ್ಲಿ ಮೊದಲು ಕೂತವರಿಗೆ ಬಿಸಿ ಪಾಯಸ, ಕೊನೆಯವರಿಗೆ ಉಳಿದದ್ದು. ಇಲ್ಲೂ ಅಷ್ಟೆ. ಮೂಲೆಯ ಕೋಶಗಳಿಗೆ ಆಮ್ಲಜನಕ ಹೆಚ್ಚು, ನಡುವಿನವಕ್ಕೆ ಕಡಿಮೆ. ಅದಕ್ಕೆ ತಕ್ಕಂತೆ ಅವು ಕೆಲಸ ಹಂಚಿಕೊಂಡಿವೆ. ಒಂದು ಕಿಣ್ವ ಮೂಲೆಯಲ್ಲಿ ಚುರುಕು, ಇನ್ನೊಂದು ನಡುವಿನಲ್ಲಿ. ಇದೇನೂ ನಾನು ಕಂಡುಹಿಡಿದದ್ದಲ್ಲ, ನಮ್ಮ ಗೈಡೇ ಪಾಠ ಮಾಡಿದ್ದು. ಪಾಠ ಮುಗಿಸಿ ಬಂದು ಅವರೇ ರುಬ್ಬುತ್ತಿದ್ದರು!

"ಚಟ್ನಿ ಅರೆದ ಮೇಲೆ ಮೆಣಸಿನಕಾಯಿ ಯಾವ ಕಡೆ ಇತ್ತು ಅಂತ ಹೇಳೋಕಾಗುತ್ತಾ ಸಾರ್?" ಎಂದು ಒಂದು ದಿನ ಕೇಳಿಯೇಬಿಟ್ಟೆ. ಅವರಿಗೆ ಸಿಟ್ಟು ಬಂತು. ನನಗೆ ಮೊದಲೇ ಬಂದಿತ್ತು. ಕೊನೆಗೆ, "ಉಗುರಷ್ಟು ಇಟ್ಕೊ ಹೋಗಮ್ಮ, ನನ್ನ ತಲೆ ತಿನ್ಬೇಡ," ಎಂದರು. ಅಂದಿನಿಂದ ಪ್ರತಿ ಇಲಿಯ ಯಕೃತ್ತಿನಿಂದಲೂ ಉಗುರಿನಷ್ಟು ಚೂರನ್ನು ಹೆಪ್ಪುಗಟ್ಟಿಸಿ ತೆಗೆದಿಟ್ಟೆ.

ಕೃಷ್ಣಮೂರ್ತಿಪುರಂನ ನಮ್ಮ ಮನೆ ಲಿಂಗ ಕಟ್ಟಿಕೊಂಡವರ ಮನೆ, ಮೊಟ್ಟೆಯೂ ಹೊಸಿಲು ದಾಟುವಂತಿಲ್ಲ. ಸಂಜೆ ಸ್ಕೂಟರ್ ನಿಲ್ಲಿಸುತ್ತಿದ್ದಂತೆ ಅಮ್ಮನ ದನಿ ಕೇಳುತ್ತಿತ್ತು: "ಬಂದ್ಬುಟ್ಟೆಯಾ? ಮೊದ್ಲು ಸ್ನಾನ ಮಾಡ್ಕೊ, ಆಮೇಲೆ ಅಡುಗೆಮನೆಗೆ ಬಾ." ಗೈಡ್ ಜೊತೆಗಿನ ಜಗಳ ಕೇಳಿ, "ನೀನು ಹಿಡಿದ ಮೊಲಕ್ಕೆ ಮೂರೇ ಕಾಲು ಕಣೇ," ಎಂದು ನಕ್ಕಳು. ಹೌದು, ಮೂರೇ.

ಎಣ್ಣೆಯಂಶ ಹೆಚ್ಚಿದ ಆಹಾರ ತಿಂದರೆ ಒಂದು ಕಿಣ್ವಕ್ಕೆ ಏನಾಗುತ್ತದೆ ಎಂಬುದೇ ನನ್ನ ಪಿಎಚ್‌ಡಿಯ ಪ್ರಶ್ನೆ. ಅರ್ಧ ಇಲಿಗಳಿಗೆ ಮಾಮೂಲಿ ಆಹಾರ, ಅರ್ಧಕ್ಕೆ ಎಣ್ಣೆಯದು. ರುಬ್ಬಿ ಅಳೆದಾಗ ಎರಡೂ ಗುಂಪಿನ ಲೆಕ್ಕ ಒಂದೇ ಬಂತು. "ಬದಲಾವಣೆ ಇಲ್ಲ ಅಂತ ಬರೆದು ಮುಗಿಸಮ್ಮ," ಎಂದರು ಗೈಡ್. ಅಷ್ಟು ವರ್ಷದ ದುಡಿಮೆಗೆ ಅದೊಂದೇ ಸಾಲು! ನಿಜವಾಗಿಯೂ ಬದಲಾವಣೆ ಇಲ್ಲದಿದ್ದರೆ ಬರೆಯಲು ನನಗೇನೂ ನಾಚಿಕೆಯಿರಲಿಲ್ಲ. ನೋಡದೆ ಮಾತ್ರ ಬರೆಯಲಾರೆ ಎಂದು ಪಟ್ಟು ಹಿಡಿದೆ.

ಹೆಪ್ಪುಗಟ್ಟಿದ ಚೂರುಗಳನ್ನು ತೆಳ್ಳಗೆ ಕತ್ತರಿಸುವುದು ನನ್ನ ಪ್ರಾಣ ತಿಂದಿತು. ಕತ್ತರಿಸುವ ಯಂತ್ರದೊಳಗಿನ ಚಳಿ ಹೆಚ್ಚಾದರೆ ಪುಡಿಯಾಗುತ್ತಿತ್ತು, ಕಡಿಮೆಯಾದರೆ ಅಂಟಿಕೊಳ್ಳುತ್ತಿತ್ತು. ಸರಿಯಾಗಿ ಬಂದದ್ದನ್ನು ಗಾಜಿನ ಪಟ್ಟಿಯ ಮೇಲಿಟ್ಟು ಬಣ್ಣದ ದ್ರಾವಣದಲ್ಲಿ ಅದ್ದಿದರೆ ಗಾಜು ಬಿಟ್ಟು ತೇಲಿಹೋಗುತ್ತಿತ್ತು. ಬೈದುಕೊಂಡು ಮತ್ತೆ ಕತ್ತರಿಸುತ್ತಿದ್ದೆ. ಕೊನೆಗೂ ಒಂದು ಮಧ್ಯಾಹ್ನ ಬಣ್ಣ ನಿಂತಿತು. ಕಿಣ್ವ ಚುರುಕಾಗಿರುವ ಕಡೆ ಕಡುನೀಲಿ. ಮಾಮೂಲಿ ಇಲಿಯಲ್ಲಿ ಮೂಲೆಗಳು ಕಡುನೀಲಿ, ನಡುಭಾಗ ತಿಳಿ. ಎಣ್ಣೆಯದು ತಿಂದದ್ದರಲ್ಲಿ ಮೂಲೆಗಳು ಮಾಸಿ ನಡುಭಾಗ ಕಡುನೀಲಿಯಾಗಿತ್ತು. ಒಂದು ಕಡೆ ಇಳಿದದ್ದು ಇನ್ನೊಂದು ಕಡೆ ಏರಿತ್ತು. ರುಬ್ಬಿದಾಗ ಎರಡೂ ಸೇರಿ ಲೆಕ್ಕ ಸಮವಾಗಿತ್ತು, ಅಷ್ಟೆ. ಗಾಜು ಹಿಡಿದು ಗೈಡ್ ಕೋಣೆಗೆ ಓಡಿದೆ.

"ಬಣ್ಣ ಸರಿಯಾಗಿ ಹರಡಿಲ್ಲ ಬುಡು," ಎಂದರು ಗೈಡ್.

ಜಗಳವಾಡಲಿಲ್ಲ. ಒಂದೇ ಗಾಜಿನ ಮೇಲೆ ಎರಡೂ ಗುಂಪಿನ ಚೂರುಗಳನ್ನು ಪಕ್ಕಪಕ್ಕ ಇಟ್ಟು, ಒಂದೇ ಹನಿ ಬಣ್ಣದಲ್ಲಿ ಮುಳುಗಿಸಿದೆ. ಎಲ್ಲ ಇಲಿಗಳದ್ದೂ ಹಾಗೆಯೇ ಮಾಡಿ, ಗುರುತಿನ ಮೇಲೆ ಕಾಗದ ಅಂಟಿಸಿ ಅವರ ಮೇಜಿನ ಮೇಲಿಟ್ಟೆ. "ಯಾವುದು ಎಣ್ಣೆ ತಿಂದಿದ್ದು ಅಂತ ನೀವೇ ಹೇಳಿ ಸಾರ್," ಎಂದೆ.

ಅವರು ಒಂದೊಂದನ್ನೇ ನೋಡಿ ಬಲಕ್ಕೋ ಎಡಕ್ಕೋ ಬೆರಳು ತೋರಿಸಿದರು. ಕಾಗದ ಕಿತ್ತು ನೋಡಿದರೆ ಒಂದೂ ತಪ್ಪಿರಲಿಲ್ಲ. ಈಗ ಬೈಯುತ್ತಾರೆ ಅಥವಾ ಹೊಗಳುತ್ತಾರೆ ಎಂದುಕೊಂಡೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನನ್ನ ಪಿಎಚ್‌ಡಿನೂ ಲಿವರ್ ಮೇಲೇ ಕಣಮ್ಮ. ಬೇರೆ ಕಿಣ್ವ. ಬದಲಾವಣೆ ಇಲ್ಲ ಅಂತ ಬರೆದೆ," ಎಂದರು. ಗಾಜುಗಳನ್ನು ನನ್ನ ಕಡೆ ಸರಿಸುತ್ತ, "ಒಂದು ಚೂರೂ ಉಳಿಸ್ಲಿಲ್ಲ," ಎಂದರು.

ಗೆದ್ದವಳು ನಾನು, ಆದರೂ ಕುರ್ಚಿ ಎಳೆದುಕೊಂಡು ಅವರ ಎದುರು ಕೂತೆ.

"ರಿಟೈರ್ ಆಗೋಕೆ ಇನ್ನೊಂದು ವರ್ಷ ಇದೆ. ನನ್ನ ಆ ಹಳೇ ಪ್ರಯೋಗಾನ ಮತ್ತೆ ಮಾಡ್ಬೋದಾ?" ಎಂದು ಕೇಳಿದರು. ಗೈಡ್ ಆದವರು ವಿದ್ಯಾರ್ಥಿಯನ್ನು ಕೇಳುವ ಪ್ರಶ್ನೆಯಲ್ಲ ಅದು.

"ಮಾಡ್ಬೋದು ಸಾರ್," ಎಂದೆ. "ನಾಳೆ ಬೇಗ ಬನ್ನಿ, ಕತ್ತರಿಸೋದು ಹೇಳ್ಕೊಡ್ತೀನಿ."